ಚೂರಿಗಳ ಊರು ತಿಯೇರ್



ಫ್ರಾನ್ಸ್ ಎಂದರೆ ನಮ್ಮ ಪ್ರವಾಸಿಗರಿಗೆ ಪ್ಯಾರಿಸ್, ಐಫೆಲ್ ಗೋಪುರ, ಹೆಚ್ಚೆಂದರೆ ಒಂದೆರಡು ಅರಮನೆ. ಇಂದು ನಾನು ಹೇಳಹೊರಟಿರುವುದು ದುಡಿಮೆಯಿಂದಲೇ ಹೆಸರಾದ ಒಂದು ಪುಟ್ಟ ಊರಿನ ಮಾತು. ದೇಶದ ನಡುಭಾಗದ ಓವೆರ್ನ್ ಸೀಮೆಯಲ್ಲಿ, ಕ್ಲೆರ್ಮೋನ್-ಫೆರಾನ್ ನಗರದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಓರೆಯಲ್ಲಿ ತಿಯೇರ್ ಇದೆ. ಕೆಳಗೆ ಕಮರಿಯಲ್ಲಿ ದ್ಯುರೋಲ್ ಹೊಳೆ.

ಇಲ್ಲಿ ಕಬ್ಬಿಣದ ಗಣಿಯಿಲ್ಲ. ಆದರೂ ಐದಾರು ಶತಮಾನಗಳಿಂದ ಇದು ಚೂರಿಗಳ ಊರು. ಹೊಳೆ ಕಡಿದಾದ ಇಳಿಜಾರಿನಲ್ಲಿ ಧುಮುಕುವುದರಿಂದ ಅದರ ಸೆಳೆತಕ್ಕೆ ನೀರಿನ ಚಕ್ರ ತಿರುಗುತ್ತಿತ್ತು. ಆ ಚಕ್ರ ಸಾಣೆಕಲ್ಲನ್ನೂ ಕುಲುಮೆಯ ಸುತ್ತಿಗೆಯನ್ನೂ ಆಡಿಸುತ್ತಿತ್ತು. ಕಬ್ಬಿಣವನ್ನು ಹೊರಗಿನಿಂದ ತಂದರು. ಉಳಿದದ್ದೆಲ್ಲ ಕೈಚಳಕ.

ಸಾಣೆಗಾರರ ಕೆಲಸವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಕಲ್ಲಿನ ಮೇಲ್ಗಡೆ ಹಾಸಿದ ಹಲಗೆಯ ಮೇಲೆ ಅವರು ಬೋರಲು ಮಲಗುತ್ತಿದ್ದರು. ತಿರುಗುವ ಕಲ್ಲಿಗೆ ಅಲಗನ್ನು ಮೈಭಾರದಿಂದ ಒತ್ತಬೇಕಿತ್ತು. ಕಲ್ಲಿನಿಂದ ಸಿಡಿದ ಹಳದಿ ಕೆಸರು ಹೊಟ್ಟೆಗೆ ಮೆತ್ತಿಕೊಳ್ಳುತ್ತಿದ್ದುದರಿಂದ ಜನ ಅವರನ್ನು ‘ಹಳದಿ ಹೊಟ್ಟೆಯವರು’ ಎಂದು ಕರೆದರು. ಚಳಿಗಾಲದ ಥಂಡಿಗೆ ಬಿಸಿಯಾಗಲೆಂದು ನಾಯಿಯನ್ನು ಕಾಲಿನ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಅಲಗು ಬಡಿಯುವವರು, ಸಾಣೆ ಹಿಡಿಯುವವರು, ಹೊಳಪು ಕೊಡುವ ಹೆಂಗಸರು, ಮನೆಯಲ್ಲೇ ಕುಳಿತು ಹಿಡಿ ಜೋಡಿಸುವವರು: ಹೀಗೆ ಒಂದು ಚೂರಿ ಹಲವು ಮನೆಗಳನ್ನು ಸುತ್ತಿ ಪೂರ್ಣವಾಗುತ್ತಿತ್ತು.

ವಿದ್ಯುತ್ ಬಂದ ಮೇಲೆ ಕಾರ್ಖಾನೆಗೆ ಹೊಳೆಯ ಹಂಗು ತಪ್ಪಿತು. ಕೆಲಸ ಬಯಲಿಗೆ ಇಳಿಯಿತು, ಕಮರಿ ಖಾಲಿಯಾಯಿತು. ಆದರೆ ಊರಿನವರು ಎಲ್ಲವನ್ನೂ ಕೆಡವಿಹಾಕಲಿಲ್ಲ. ‘ನರಕದ ಗುಂಡಿ’ ಎಂಬ ಹೆಸರಿನ ಹಳೆಯ ಕಾರ್ಖಾನೆ 1988ರಲ್ಲಿ ಸಮಕಾಲೀನ ಕಲೆಯ ಕೇಂದ್ರವಾಯಿತು. ಚೂರಿಗಳ ವಸ್ತುಸಂಗ್ರಹಾಲಯದಲ್ಲಿ ಕುಶಲಕರ್ಮಿಗಳು ಇಂದಿಗೂ ನೋಡುಗರ ಎದುರೇ ಚೂರಿ ಜೋಡಿಸುತ್ತಾರೆ. ಹೊಳೆಯ ಮೇಲ್ಭಾಗದಲ್ಲಿ ಸಾಣೆಮನೆಯೊಂದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಕಸುಬೂ ಸತ್ತಿಲ್ಲ. ಫ್ರಾನ್ಸಿನಲ್ಲಿ ತಯಾರಾಗುವ ಚೂರಿಗಳಲ್ಲಿ ಬಹುಪಾಲು ಇಂದಿಗೂ ಈ ಸುತ್ತಿನವೇ. ಲಾಗ್ಯೋಲ್ ಎಂಬ ಬೇರೆ ಊರಿನ ಹೆಸರು ಹೊತ್ತ ಪ್ರಸಿದ್ಧ ಚೂರಿಗಳೂ ಎಷ್ಟೋ ಇಲ್ಲಿಂದಲೇ ಹೊರಡುತ್ತವೆ.

ಅರಮನೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಅಲಗು ಮಸೆದವರದು ಉಳಿಯುವುದಿಲ್ಲ. ತಿಯೇರ್ ಉಳಿಸಿಕೊಂಡಿರುವುದು ಆ ಹೆಸರಿಲ್ಲದವರ ಚರಿತ್ರೆಯನ್ನು. ಫ್ರಾನ್ಸಿಗೆ ಹೋಗುವವರು ಪ್ಯಾರಿಸ್ಸಿನ ಪಟ್ಟಿಯಿಂದ ಒಂದು ದಿನ ಕಡಿಮೆ ಮಾಡಿ ಈ ಊರಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.