ವಾಡೆಗಳನ್ನು ಉಳಿಸಿಕೊಳ್ಳಿರಿ
(ಕಿತ್ತೂರಿನಲ್ಲಿ ಮಾಡಿದ ಭಾಷಣ)



ಈ ಕೋಟೆಯೊಳಗಿನ ಅರಮನೆಯ ಮುರುಕು ಗೋಡೆಗಳನ್ನು ಕಂಡು ಮನಮರುಗದ ಕನ್ನಡಿಗನಾರು? 1824ರ ಅಕ್ಟೋಬರ 23ರಂದು ಇಲ್ಲಿಯೇ ಕಲೆಕ್ಟರ ಥ್ಯಾಕರೆಯು ಮಡಿದನು. ಅದೇ ವರ್ಷದ ಡಿಸೆಂಬರದಲ್ಲಿ ಕೋಟೆಯು ಇಂಗ್ಲಿಷರ ಕೈಸೇರಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟರು. ರಾಜ್ಯವು ಹೋಯಿತು, ಅರಮನೆಯು ಹಾಳಾಯಿತು. ಆದರೆ ನಮ್ಮ ನಾಡಿನ ಸಣ್ಣ ಊರುಗಳ ವಾಡೆಗಳನ್ನು ಇಂದು ಕೆಡಹುವವರಾರು? ಯಾವ ಶತ್ರುವೂ ಅಲ್ಲ, ಅವುಗಳ ವಾರಸುದಾರರೇ!

ಹಳೆಯ ಮನೆಗಳು ಬಾಳಲಾರವೆಂಬುದು ಸುಳ್ಳು. ಮಣ್ಣಿನ ಗೋಡೆಯು ತಾನು ಹೀರಿದ ತೇವವನ್ನು ಹೊರಬಿಡಬೇಕು. ಅದಕ್ಕೆ ಸುಣ್ಣದ ಗಾರೆಯು ಒಗ್ಗುವುದು. ಸಿಮೆಂಟು ಬಳಿದರೆ ತೇವವು ಒಳಗೇ ನಿಂತು ಗೋಡೆಯು ಉಬ್ಬಿ ಕುಸಿಯುವುದು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸಿದರೆ ತೊಲೆ ಜಂತಿಗಳು ತಲೆಮಾರುಗಳವರೆಗೆ ನಿಲ್ಲುವವು. ಕೆಡುವುದು ಆರೈಕೆ ತಪ್ಪಿದುದರಿಂದಲೇ ಹೊರತು ಮುಪ್ಪಿನಿಂದಲ್ಲ.

ನಿಜವಾದ ರೋಗವು ಹಿಸ್ಸೆಯಲ್ಲಿದೆ. ಒಂದು ಪಡಸಾಲೆಗೆ ಹತ್ತು ಜನ ಒಡೆಯರಾಗುವರು. ಖರ್ಚಿಗೆ ಮಾತ್ರ ಒಬ್ಬರೂ ಒಡೆಯರಲ್ಲ. ಕೊನೆಗೆ ಕಂಬ ಬಾಗಿಲುಗಳು ಕಟ್ಟಿಗೆಯ ವ್ಯಾಪಾರಿಯ ಪಾಲಾಗುವವು. ವಕೀಲಿ ವೃತ್ತಿಯಲ್ಲಿರುವ ನಾವು ಇದನ್ನು ಬಲ್ಲೆವು. ಕಾಯದೆಯಲ್ಲಿ ಉಪಾಯವಿಲ್ಲದಿಲ್ಲ. ಕುಟುಂಬದ ವಾಸದ ಮನೆಯ ಪಾಲನ್ನು ಕೊಂಡ ಹೊರಗಿನವನು ವಾಟ್ನಿಯ ದಾವೆ ಹೂಡಿದರೆ, 1893ರ ವಿಭಾಗದ ಕಾಯದೆಯ 4ನೆಯ ಕಲಮಿನಂತೆ, ಕೋರ್ಟು ನಿರ್ಧರಿಸಿದ ಬೆಲೆಯನ್ನು ಕೊಟ್ಟು ಆ ಪಾಲನ್ನು ಕುಟುಂಬದ ಪಾಲುದಾರನು ಮರಳಿ ಕೊಳ್ಳಬಹುದು. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ 1958ರ ಕೇಂದ್ರದ ಕಾಯದೆಯೂ 1961ರ ನಮ್ಮ ರಾಜ್ಯದ ಕಾಯದೆಯೂ ಇವೆ. ಆದರೆ ಸರಕಾರದ ಯಾದಿಯಲ್ಲಿ ಕೋಟೆ ಗುಡಿಗಳು ಸೇರುವವಲ್ಲದೆ ಪ್ರತಿಯೊಬ್ಬರ ಮನೆಯು ಸೇರಲಾರದು. ಅವನ್ನು ಊರೇ ಕಾಯಬೇಕು.

ಆದುದರಿಂದ ನಮ್ಮ ಬಿನ್ನಹವಿಷ್ಟು: ಓಣಿ ಓಣಿಗೆ ತಿರುಗಿ ಹಳೆಯ ಮನೆಗಳ ಯಾದಿಯನ್ನು ಮಾಡಿರಿ, ಭಾವಚಿತ್ರಗಳನ್ನು ತೆಗೆದಿಡಿರಿ. ಸುಣ್ಣ ಅರೆಯಬಲ್ಲ ಮುದಿ ಗೌಂಡಿಯ ಬಳಿಗೆ ನಾಲ್ವರು ತರುಣರನ್ನು ಕಳುಹಿರಿ. ಪಾಲುದಾರರು ಕೂಡಿ ವರುಷಕ್ಕಿಷ್ಟೆಂದು ದುರಸ್ತಿಯ ಹಣವನ್ನು ಕಾಗದದ ಮೇಲೆ ಗೊತ್ತುಮಾಡಿರಿ. ಮಾರಲೇಬೇಕಾದರೆ ಮೊದಲು ಊರವರನ್ನು ಕೇಳಿರಿ.

1905ರಲ್ಲಿ ಹಂಪೆಯ ಹಾಳನ್ನು ಕಂಡ ಆಲೂರ ವೆಂಕಟರಾಯರು ನಾಡಿನ ಸೇವೆಗೆ ಮನಸ್ಸು ಕಟ್ಟಿದರು. 1956ರಲ್ಲಿ ಒಂದುಗೂಡಿದ ನಾಡನ್ನು ಕಣ್ಣಾರೆ ಕಂಡರು. ನಿಂತಿದ್ದ ಕಲ್ಲುಗಳು ಅವರೊಡನೆ ಮಾತಾಡಿದವು. ಎಲ್ಲವನ್ನೂ ಕೆಡವಿ ಮಾರಿದ ಮೇಲೆ ನಮ್ಮ ಮಕ್ಕಳೊಡನೆ ಮಾತಾಡಲು ಏನು ಉಳಿದೀತು?