ನೋಡುವವನು ನಿಂತ ಎಡೆ

ಕೊಪ್ಪಳ ಜಿಲ್ಲೆಯ ಬಾಳುವೆಯನ್ನು ಕುರಿತು ಬರೆಯಲು ಇಬ್ಬರು ವಿದ್ವಾಂಸರು ಹೊರಟರೆಂದು ಭಾವಿಸೋಣ. ಒಬ್ಬರು ಗಂಗಾವತಿಯಲ್ಲಿ ಬೀಡುಬಿಟ್ಟರು, ಇನ್ನೊಬ್ಬರು ಕುಷ್ಟಗಿಯಲ್ಲಿ. ಮೊದಲನೆಯವರು ಕಂಡದ್ದು ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಎರಡನೆಯವರು ಕಂಡದ್ದು ಮಳೆಯನ್ನೇ ನಂಬಿದ ಹೊಲ, ಸಜ್ಜೆ, ಶೇಂಗಾ, ಬೇಸಗೆಯಲ್ಲಿ ಗುಳೆ ಹೊರಡುವ ಸಂಸಾರಗಳು. ಇಬ್ಬರೂ ಸುಳ್ಳಾಡಲಿಲ್ಲ. ಆದರೂ ಎರಡು ವರದಿಗಳನ್ನು ಒಟ್ಟಿಗೆ ಓದಿದವನಿಗೆ, ಇವು ಒಂದೇ ಜಿಲ್ಲೆಯ ಮಾತೇ ಎಂಬ ಸಂದೇಹ ಬಾರದಿರದು. ಕಂಡದ್ದನ್ನು ಹೇಳುವವನು ತಾನು ಎಲ್ಲಿ ನಿಂತು ಕಂಡೆನೆಂಬುದನ್ನೂ ಹೇಳಬೇಕು. ಆಡಳಿತ ನಿರ್ವಹಣೆಯನ್ನು ಕಲಿಯುವವರಿಗೂ ಸಂಶೋಧಕರಿಗೂ ಇಂದು ವಿದ್ವತ್ ಪ್ರಪಂಚ ಒತ್ತಿ ಹೇಳುತ್ತಿರುವ ಸ್ವಾವಲೋಕನದ ತಿರುಳು ಇದೇ.

ಸ್ವಾವಲೋಕನವೆಂದರೆ ಪಶ್ಚಾತ್ತಾಪವಲ್ಲ, ತಪ್ಪೊಪ್ಪಿಗೆಯೂ ಅಲ್ಲ. ಅಳೆಯುವವನು ತನ್ನ ಅಳತೆಗೋಲನ್ನೂ ಒಮ್ಮೆ ಅಳೆದು ನೋಡುವುದು, ಅಷ್ಟೆ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ಹಿರಿಯ ನಿದರ್ಶನವುಂಟು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ತಾವು ‘ರಾಂಪುರ’ ಎಂದು ಕರೆದ ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ವರ್ಗೀಕರಿಸಿ ಇರಿಸಿಕೊಂಡಿದ್ದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪನ್ನೇ ಆಧರಿಸಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಬೆಂಕಿಯ ಕಥೆ ಪ್ರಸಿದ್ಧವಾದುದು. ಆದರೆ ಅದಕ್ಕಿಂತ ಹೆಚ್ಚು ಮನನಯೋಗ್ಯವಾದ ಸಂಗತಿ ಆ ಗ್ರಂಥದಲ್ಲಿ ಬೇರೊಂದಿದೆ. ತಾವು ಬ್ರಾಹ್ಮಣರು, ಊರ ಪಟೇಲರ ಆಶ್ರಯದಲ್ಲಿ ಇದ್ದವರು. ಆದ್ದರಿಂದ ಯಾವ ಕೇರಿಯ ಬದುಕು ತಮಗೆ ಹತ್ತಿರವಾಯಿತು, ಯಾವುದು ದೂರ ಉಳಿಯಿತು ಎಂಬುದನ್ನು ಅವರು ಓದುಗರಿಂದ ಮರೆಮಾಚಲಿಲ್ಲ. ಇದರಿಂದ ಗ್ರಂಥದ ಬೆಲೆ ಕುಂದಲಿಲ್ಲ. ಎಷ್ಟನ್ನು ನಂಬಬೇಕು, ಎಲ್ಲಿ ಇನ್ನೊಬ್ಬರನ್ನು ಕೇಳಬೇಕು ಎಂಬುದು ಓದುಗನಿಗೆ ತಿಳಿಯಿತು.

ಆಡಳಿತ ನಿರ್ವಹಣೆಯ ಕ್ಷೇತ್ರದಲ್ಲಿ ಇದನ್ನೇ ಹೋಲುವ ವಿಚಾರವನ್ನು ಹಾರ್ವರ್ಡಿನ ಕ್ರಿಸ್ ಆರ್ಗಿರಿಸ್ 1977ರ ಲೇಖನವೊಂದರಲ್ಲಿ ಮಂಡಿಸಿದರು. ಕೋಣೆಯ ಶಾಖವನ್ನು ಕಾಯುವ ಯಂತ್ರ, ನಿಗದಿಯಾದ ಮಟ್ಟಕ್ಕಿಂತ ಶಾಖ ಇಳಿದರೆ ಏರಿಸುತ್ತದೆ, ಏರಿದರೆ ಇಳಿಸುತ್ತದೆ. ಇದು ಒಂದು ಸುತ್ತಿನ ಕಲಿಕೆ. ಆ ಮಟ್ಟವನ್ನು ಗೊತ್ತುಪಡಿಸಿದ್ದು ಏಕೆ, ಅದು ಸರಿಯೇ ಎಂದು ಯಂತ್ರವೇ ಕೇಳಬಲ್ಲುದಾದರೆ ಅದು ಎರಡು ಸುತ್ತಿನ ಕಲಿಕೆ.

ಈ ಮಾತನ್ನು ನಮ್ಮ ಕಾಲುವೆಯ ದಂಡೆಗೆ ತಂದು ನೋಡಬಹುದು. ಮುನಿರಾಬಾದಿನ ಬಳಿ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳ ಸೀಮೆಯನ್ನು ಹಾಯ್ದು ರಾಯಚೂರಿನ ಕಡೆಗೆ ಸಾಗುವ ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರು. ಇರುವ ನೀರನ್ನು ವಿಶಾಲ ಪ್ರದೇಶಕ್ಕೆ ತೆಳುವಾಗಿ ಹಂಚಿ ಬರದಿಂದ ಪಾರುಮಾಡುವುದು ಯೋಜಕರ ಉದ್ದೇಶವಾಗಿತ್ತು. ಆದ್ದರಿಂದ ಬಹುಪಾಲು ಜಮೀನನ್ನು ಕಡಿಮೆ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿ, ಭತ್ತಕ್ಕೆ ಅಲ್ಪ ಭಾಗವನ್ನಷ್ಟೇ ಬಿಟ್ಟರು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆಯಂಚಿನ ರೈತ ಒಣಗಿದ ಉಪಕಾಲುವೆಯನ್ನು ನೋಡುತ್ತ ಕುಳಿತ. ಇದನ್ನು ‘ನಿಯಮದ ಉಲ್ಲಂಘನೆ’ ಎಂದು ಬರೆದು ದಂಡ ವಿಧಿಸಹೊರಡುವುದು ಒಂದು ಸುತ್ತಿನ ಕಲಿಕೆ. ಆ ನಕ್ಷೆಯನ್ನು ಬರೆದಾಗ ಯಾರನ್ನು ಕೇಳಿದೆವು, ತೂಬು ತೆರೆಯುವ ಕೆಲಸಗಾರನ ಮೇಲೆ ಯಾರ ಒತ್ತಡ ಬೀಳುತ್ತದೆ, ಆ ಒತ್ತಡದಲ್ಲಿ ನಮ್ಮ ಕಚೇರಿಯ ಪಾಲೆಷ್ಟು ಎಂದು ಕೇಳುವುದು ಎರಡನೆಯ ಸುತ್ತು. ಈ ಕಾಲುವೆಯ ನೀರು ಹಂಚಿಕೆಯನ್ನು ಅಭ್ಯಸಿಸಿ 2003ರಲ್ಲಿ ಗ್ರಂಥ ಪ್ರಕಟಿಸಿದ ಪೀಟರ್ ಮೊಲಿಂಗಾ, ಹಂಚಿಕೆಯೆಂಬುದು ಬರಿಯ ಯಂತ್ರಶಾಸ್ತ್ರವಲ್ಲ. ರೈತರು, ಅಧಿಕಾರಿಗಳು, ರಾಜಕಾರಣಿಗಳು ಇವರೆಲ್ಲರ ಸೆಣಸಾಟ, ಹೊಂದಾಣಿಕೆಗಳ ಫಲವೆಂದು ತೋರಿಸಿದ್ದಾರೆ. ಹಾಗಿದ್ದ ಮೇಲೆ ಅಧಿಕಾರಿ ಆ ಆಟದ ಹೊರಗೆ ನಿಂತ ತೀರ್ಪುಗಾರನಲ್ಲ; ಅವನೂ ಒಬ್ಬ ಆಟಗಾರ.

ಸಂಶೋಧಕನ ಪಾಡೂ ಬೇರೆಯಲ್ಲ. ರಾಬರ್ಟ್ ಚೇಂಬರ್ಸ್ 1983ರ ತಮ್ಮ ಗ್ರಂಥದಲ್ಲಿ, ಹೊರಗಿನಿಂದ ಬಂದವರು ಡಾಂಬರು ರಸ್ತೆಯ ಪಕ್ಕದ ಊರುಗಳನ್ನೇ, ಪ್ರಯಾಣಕ್ಕೆ ಹಿತವಾದ ಕಾಲದಲ್ಲಿಯೇ ಕಂಡು ಹಿಂದಿರುಗುತ್ತಾರೆಂದು ಎಚ್ಚರಿಸಿದರು. ಯಲಬುರ್ಗಾದ ಒಂದು ಹಳ್ಳಿಯಲ್ಲಿ ಬೇಸಗೆಯ ಸಮೀಕ್ಷೆ ನಡೆಯುತ್ತಿದೆಯೆನ್ನಿ. ಪಟ್ಟಿಯಲ್ಲಿರುವ ಮನೆಗೆ ಬೀಗ ಬಿದ್ದಿದೆ. ಬೀಗವಿದ್ದರೆ ಪಕ್ಕದ ಮನೆಯನ್ನು ಆರಿಸಿಕೊಳ್ಳತಕ್ಕದ್ದೆಂದು ನಿಯಮ ಹೇಳಿದರೆ ಪ್ರಶ್ನಾವಳಿ ಭರ್ತಿಯಾಗುತ್ತದೆ, ಸಂಖ್ಯೆಯೂ ಸರಿಹೋಗುತ್ತದೆ. ಆದರೆ ಆ ಬೀಗ ಗುಳೆ ಹೋದವರದು. ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುವ ಮನೆಯೇ ಲೆಕ್ಕದಿಂದ ಜಾರಿಹೋಯಿತು. ಆ ಲೆಕ್ಕವನ್ನು ನಂಬಿ ಕೂಲಿ, ಪಡಿತರ, ಶಾಲೆಗಳ ತೀರ್ಮಾನವಾದಾಗ ನಷ್ಟ ಯಾರಿಗೆ ಎಂದು ಹೇಳಬೇಕಾಗಿಲ್ಲ. ಬೀಗವೂ ಒಂದು ಉತ್ತರವೆಂದು ಬರೆದುಕೊಳ್ಳುವ ವಿವೇಕವೇ ಸ್ವಾವಲೋಕನ.

ಇದನ್ನು ರೂಢಿಸಿಕೊಳ್ಳಲು ದೊಡ್ಡ ಸಿದ್ಧತೆ ಬೇಡ. ದಿನಚರಿಯ ಎಡಪುಟದಲ್ಲಿ ಕಂಡದ್ದನ್ನು ಬರೆಯಿರಿ. ಬಲಪುಟದಲ್ಲಿ ನಿಮ್ಮನ್ನು ಊರಿಗೆ ಕರೆತಂದವರು ಯಾರು, ಎಲ್ಲಿ ಇಳಿದುಕೊಂಡಿರಿ, ಉತ್ತರ ಹೇಳುವಾಗ ಎದುರಿಗೆ ಯಾರಿದ್ದರು, ಹೆಂಗಸರು ಮಾತಾಡಿದರೆ, ಸುಮ್ಮನಿದ್ದರೆ ಎಂಬುದನ್ನು ಬರೆಯಿರಿ. ನಿಮ್ಮ ವಾದಕ್ಕೆ ಒಗ್ಗದ ಸಂಗತಿಯನ್ನು ಮೊದಲು ದಾಖಲಿಸಿರಿ. ವರದಿಯನ್ನು ಮೇಲಿನವರಿಗೆ ಒಪ್ಪಿಸುವ ಮುನ್ನ, ಅದು ಯಾರನ್ನು ಕುರಿತದ್ದೋ ಅವರಿಗೆ ಅವರ ಮಾತಿನಲ್ಲಿ ಓದಿ ಹೇಳಿರಿ.

ಒಂದು ಎಚ್ಚರಿಕೆಯೂ ಅಗತ್ಯ. ಸ್ವಾವಲೋಕನ ಅತಿಯಾದರೆ ಪ್ರಬಂಧದಲ್ಲಿ ಸಂಶೋಧಕನೇ ತುಂಬಿಕೊಂಡು ಕಾಲುವೆಯೂ ರೈತನೂ ಮರೆಯಾಗುತ್ತಾರೆ. ತನ್ನ ಕನ್ನಡಕವನ್ನು ಒರೆಸುವುದು ಮತ್ತೆ ಅದನ್ನು ಧರಿಸಿ ಹೊಲವನ್ನು ನೋಡುವುದಕ್ಕಾಗಿ. ಕನ್ನಡಕವನ್ನೇ ನೋಡುತ್ತ ಕುಳಿತುಕೊಳ್ಳುವುದಕ್ಕಲ್ಲ.

ಕಾಲುವೆಯ ಯೋಗ್ಯತೆಯನ್ನು ಬಲ್ಲವರು ಅಳೆಯುವುದು ಅದರ ಮೊದಲ ತೂಬಿನಲ್ಲಲ್ಲ, ಕೊನೆಯ ತೂಬಿನಲ್ಲಿ. ವಿದ್ಯೆಗೂ ಆಡಳಿತಕ್ಕೂ ಅದೇ ಅಳತೆ ಸಲ್ಲಬೇಕು.