ಉರಿಯೊಳಗೆ ಲೋಹ ಎಲ್ಲಿಗೆ ಹೋಗುತ್ತೆ?

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಸಾರು ಇಟ್ಟರೆ ಏನಾಗುತ್ತೆ? ಕಿಲುಬು ಸಾರಿಗೆ ಇಳಿಯುತ್ತೆ. ಸಮ್ಮಿಳನ ರಿಯಾಕ್ಟರ್‌ನ ತಲೆನೋವೂ ಇದೇ. ಆದರೆ ಒಳಗಿರೋದು ಸಾರಲ್ಲ, ಪ್ಲಾಸ್ಮಾ. ಫ್ರಾನ್ಸಿನ ಐಟಿಇಆರ್‌ನಲ್ಲಿ ಅದರ ಬಿಸಿ 15 ಕೋಟಿ ಡಿಗ್ರಿ ಆಗಬೇಕು. ಆ ಯೋಜನೆಯ ಏಳು ಪಾಲುದಾರರಲ್ಲಿ ಭಾರತವೂ ಒಂದು.

ಆಯಸ್ಕಾಂತ ಪ್ಲಾಸ್ಮಾವನ್ನು ಗೋಡೆಯಿಂದ ದೂರ ಹಿಡಿಯುತ್ತೆ, ಆದರೆ ಪೂರ್ತಿ ಅಲ್ಲ. ತಪ್ಪಿಸಿಕೊಂಡ ಕಣಗಳು ಗೋಡೆಗೆ ಬಡಿದು ಲೋಹದ ಪರಮಾಣುಗಳನ್ನು ಕೀಳುತ್ತವೆ. ಅವು ತೇಲಿ ಇನ್ನೆಲ್ಲೋ ಕೂರುತ್ತವೆ, ಮತ್ತೆ ಏಳುತ್ತವೆ. ಟಂಗ್‌ಸ್ಟನ್ ಭಾರೀ ಲೋಹ. ಹತ್ತು ಸಾವಿರ ಕಣಕ್ಕೆ ಒಂದೆರಡು ಸೇರಿದರೂ ಸಾಕು, ಶಾಖವನ್ನೆಲ್ಲ ಬೆಳಕಾಗಿ ಹೊರಚೆಲ್ಲಿ ಉರಿ ಆರಿಸಿಬಿಡುತ್ತೆ.

ಪತ್ತೆ ಹಚ್ಚೋದು ಹೇಗೆ? ಯಂತ್ರ ಓಡುವಾಗ ಬೆಳಕು ನೋಡಿ. ಪ್ರತಿ ಲೋಹಕ್ಕೂ ಅದರದ್ದೇ ಬಣ್ಣದ ಗೆರೆಗಳಿವೆ. ಆದರೆ ನನಗೆ ಇಷ್ಟವಾದದ್ದು ಎರಡನೇ ದಾರಿ, ಯಂತ್ರ ನಿಂತ ಮೇಲೆ ಬಿಲ್ಲೆ ಬಿಚ್ಚಿ ನೋಡೋದು. ನಾನು ಚಿತ್ರದುರ್ಗದವನು, ಹಾಗಾಗಿ ಚಂದ್ರವಳ್ಳಿ ನೆನಪಾಗುತ್ತೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಪದರ ಪದರವಾಗಿ ಅಗೆದರು. ಆ ಜಾಗದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಲೋಹ ಎಲ್ಲಿಂದ ಬಂತು, ಯಾವ ಪದರದಲ್ಲಿ ಕೂತಿತು ಅನ್ನೋದೇ ಅಲ್ಲೂ ಪ್ರಶ್ನೆ.

ಇಂಗ್ಲೆಂಡಿನ ಜೆಟ್ ಯಂತ್ರಕ್ಕೆ 2011ರಲ್ಲಿ ಬೆರಿಲಿಯಮ್ ಗೋಡೆ, ಕೆಳಗೆ ಟಂಗ್‌ಸ್ಟನ್ ತಳ ಹಾಕಿದರು. ಕೆಲವು ಬಿಲ್ಲೆಗಳಲ್ಲಿ ಮೇಲ್ಪದರದ ಕೆಳಗೆ ಬೇರೆ ಲೋಹದ ತೆಳು ಗುರುತು ಇಟ್ಟಿದ್ದರು. ಮೇಲಿನದು ಎಷ್ಟು ಸವೆಯಿತು ಅಂತ ಆ ಗುರುತಿನಿಂದ ಅಳೆಯಬಹುದು. ಜಾಣತನ ಅಲ್ವಾ? ರೋಬಾಟ್ ತೋಳು ಬಿಲ್ಲೆ ತೆಗೆದು ತಂದಾಗ ಗೊತ್ತಾಗಿದ್ದು ಇದು: ಗೋಡೆಯಿಂದ ಸವೆದ ಬೆರಿಲಿಯಮ್‌ನ ದೊಡ್ಡ ಪಾಲು ತಳದ ಒಳಬದಿಯ ಮೇಲ್ತುದಿಯಲ್ಲಿ ಗುಡ್ಡೆಯಾಗಿತ್ತು.

ಅದರಿಂದೇನು ಅಂತೀರಾ? ಅಂಥ ಪದರದಲ್ಲೇ ಇಂಧನ ಸಿಕ್ಕಿಕೊಳ್ಳೋದು. ಮುಂದೆ ಆ ಇಂಧನದಲ್ಲಿ ಟ್ರಿಟಿಯಮ್ ಇರುತ್ತೆ. ಅದು ವಿಕಿರಣ ಸೂಸುತ್ತೆ, ಸಿಗೋದೂ ಅಪರೂಪ. ಹಳೆಯ ಕಾರ್ಬನ್ ಗೋಡೆಗೆ ಹೋಲಿಸಿದರೆ ಹೀಗೆ ಸಿಕ್ಕಿಕೊಳ್ಳೋದು ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ದೊಡ್ಡ ಗೆಲುವೇ.

ಆದರೂ 2023ರಲ್ಲಿ ಐಟಿಇಆರ್ ತಂಡ ಬೆರಿಲಿಯಮ್ ಬಿಟ್ಟು ಗೋಡೆಗೂ ಟಂಗ್‌ಸ್ಟನ್ ಹಾಕಲು ಹೊರಟಿತು. ಬೆರಿಲಿಯಮ್ ಧೂಳು ಶ್ವಾಸಕೋಶಕ್ಕೆ ವಿಷ, ಸವೆತವೂ ಜಾಸ್ತಿ. ನನ್ನ ಪ್ರಕಾರ ನಿರ್ಧಾರ ಸರಿ, ಆದರೆ ಅಗ್ಗದ್ದಲ್ಲ. ಇನ್ನು ಉರಿ ಆರಿಸೋ ಲೋಹವೇ ಸುತ್ತಲೂ ಇರುತ್ತೆ.

ನಮ್ಮಲ್ಲೂ ಕೆಲಸ ನಡೀತಿದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ಆದಿತ್ಯ ಟೋಕಮ್ಯಾಕ್ ಇದೆ. ಈಗ ಅದು ಆದಿತ್ಯ-ಯು. ಪ್ಲಾಸ್ಮಾಕ್ಕೆ ಬೆರೆತ ಕಲ್ಮಶ ಹೇಗೆ ಓಡಾಡುತ್ತೆ ಅಂತ ಅಲ್ಲಿಯ ತಂಡ ಬೆಳಕಿನ ಗೆರೆ ಹಿಡಿದು ನೋಡುತ್ತಿದೆ. ಭೌತಶಾಸ್ತ್ರ ಓದ್ತಿರೋರು ಆ ಹೆಸರು ಒಮ್ಮೆ ಹುಡುಕಿ ನೋಡಿ.